ಗುರಾಣಿ ಎತ್ತಲಾಗದವನು



ಮಕ್ಕಳು ಚಿತ್ರಕಥೆ ಓದುತ್ತಾ ಕುಳಿತಿರುವುದನ್ನು ಕಂಡರೆ ನಾವು ಹಿರಿಯರು ಎರಡರಲ್ಲಿ ಒಂದನ್ನು ಮಾಡುತ್ತೇವೆ. "ಪಾಠದ ಪುಸ್ತಕ ಹಿಡಿ" ಎಂದು ಗದರುತ್ತೇವೆ. ಇಲ್ಲವೇ ಗಲಾಟೆ ಮಾಡದೆ ಕುಳಿತಿದ್ದಾರಲ್ಲ ಎಂದು ನೆಮ್ಮದಿಯಿಂದ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಆ ಪುಸ್ತಕದೊಳಗೆ ಏನಿದೆ ಎಂದು ಪಕ್ಕದಲ್ಲಿ ಕುಳಿತು ನೋಡುವವರು ಕಡಿಮೆ. ಇಂದು ಅಂಥ ಒಂದು ಪುಸ್ತಕವನ್ನು ನಿಮ್ಮೊಡನೆ ಕುಳಿತು ನೋಡಬೇಕೆಂದು ನನ್ನ ಆಸೆ.

ಅದರ ಹೆಸರು ಬರೀ ಒಂದು ಅಂಕಿ: '300'. ಅಮೆರಿಕದ ಫ್ರಾಂಕ್ ಮಿಲ್ಲರ್ ಬರೆದು ಚಿತ್ರಿಸಿದ ಇದು 1998ರಲ್ಲಿ ಐದು ಸಂಚಿಕೆಗಳಾಗಿ ಹೊರಬಂತು. ಚಿತ್ರಗಳಿಗೆ ಬಣ್ಣ ತುಂಬಿದವರು ಲಿನ್ ವಾರ್ಲಿ. 2007ರಲ್ಲಿ ಇದು ಚಲನಚಿತ್ರವಾಗಿ ಚಿತ್ರಮಂದಿರಗಳಿಗೆ ಬಂದಾಗ ಜಗತ್ತಿನ ಎಷ್ಟೋ ಹುಡುಗರಿಗೆ ಇದರ ಕಥೆ ತಿಳಿಯಿತು.

ಕಥೆ ಹಳೆಯದು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ಚಕ್ರವರ್ತಿ ಕ್ಸೆರ್ಕ್ಸಿಸ್ ಮಹಾಸೇನೆಯೊಡನೆ ಗ್ರೀಸ್ ದೇಶದ ಮೇಲೆ ಏರಿಬಂದ. ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ, ನಡುವೆ ಥರ್ಮೋಪಿಲೆ ಎಂಬ ಇಕ್ಕಟ್ಟಾದ ದಾರಿ. ಅಲ್ಲಿ ಸ್ಪಾರ್ಟಾದ ರಾಜ ಲಿಯೊನಿಡಾಸ್ ತನ್ನ 300 ಯೋಧರೊಡನೆ ಮತ್ತು ಇತರ ಗ್ರೀಕ್ ಊರುಗಳ ಕೆಲವು ಸಾವಿರ ಜನರೊಡನೆ ಆ ಸೇನೆಯನ್ನು ತಡೆದು ನಿಂತ. ಎದುರಿನಿಂದ ಅವರನ್ನು ಕದಲಿಸಲು ಆಗಲಿಲ್ಲ. ಕೊನೆಗೆ ಎಫಿಯಾಲ್ಟಿಸ್ ಎಂಬವನು ಬೆಟ್ಟದ ಮೇಲಿನ ಕಾಲುದಾರಿಯನ್ನು ಶತ್ರುವಿಗೆ ತೋರಿಸಿಕೊಟ್ಟ. ಹಿಂದಿನಿಂದ ಸುತ್ತುವರಿದ ಪರ್ಷಿಯನ್ನರು ಅಲ್ಲಿ ಉಳಿದವರನ್ನು ಕೊಂದರು. ಸ್ಪಾರ್ಟಾದವರ ಜೊತೆಯಲ್ಲಿ ಥೆಸ್ಪಿಯೆ ಎಂಬ ಊರಿನ 700 ಮಂದಿಯೂ ತಾವಾಗಿ ನಿಂತು ಅಲ್ಲಿಯೇ ಪ್ರಾಣ ಕೊಟ್ಟರು. ಪುಸ್ತಕದ ಹೆಸರಿನಲ್ಲಿ ಅವರ ಲೆಕ್ಕವಿಲ್ಲ.

ಇನ್ನು ಎಫಿಯಾಲ್ಟಿಸನನ್ನು ನೋಡೋಣ. ಮಿಲ್ಲರ್ ಅವರ ಕಥೆಯಲ್ಲಿ ಅವನು ಗೂನುಬೆನ್ನಿನ, ಅಂಗವಿಕಲ ಮನುಷ್ಯ. ಇಂಥ ಮಗುವನ್ನು ಸ್ಪಾರ್ಟಾ ಬದುಕಗೊಡುವುದಿಲ್ಲ ಎಂದು ತಂದೆತಾಯಿ ಅವನನ್ನು ಎತ್ತಿಕೊಂಡು ಊರು ಬಿಟ್ಟಿದ್ದರು. ಬೆಳೆದು ದೊಡ್ಡವನಾದ ಮೇಲೆ ಅವನೇ ಲಿಯೊನಿಡಾಸನ ಬಳಿಗೆ ಬಂದು, ತಾನೂ ಹೋರಾಡುತ್ತೇನೆ ಎಂದು ಬೇಡಿಕೊಳ್ಳುತ್ತಾನೆ. ರಾಜ ಅವನಿಗೆ ಗುರಾಣಿ ಎತ್ತಲು ಹೇಳುತ್ತಾನೆ. ಎಷ್ಟು ಎತ್ತಬೇಕೋ ಅಷ್ಟು ಎತ್ತಲು ಅವನಿಂದಾಗುವುದಿಲ್ಲ. ರಾಜ ಬೇಡವೆನ್ನುತ್ತಾನೆ. ಮನಸ್ಸು ಮುರಿದ ಎಫಿಯಾಲ್ಟಿಸ್ ಶತ್ರುವಿನ ಪಾಳೆಯಕ್ಕೆ ಹೋಗುತ್ತಾನೆ.

ಈಗ ಹೇಳಿ, ಆ ದ್ರೋಹದ ಪಾಪ ಯಾರ ತಲೆಯ ಮೇಲೆ?

ರಾಜನ ಪಕ್ಷವನ್ನು ಮೊದಲು ಕೇಳೋಣ. ಗ್ರೀಕ್ ಯೋಧರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಒಬ್ಬನ ಗುರಾಣಿ ಅವನನ್ನು ಮಾತ್ರವಲ್ಲ, ಅವನ ಎಡಕ್ಕೆ ನಿಂತವನನ್ನೂ ಕಾಯುತ್ತಿತ್ತು. ಒಂದು ಗುರಾಣಿ ಕೆಳಗಿಳಿದರೆ ಪಕ್ಕದವನ ಪ್ರಾಣ ಹೋದಂತೆಯೇ. ಕರುಣೆಯ ಹೆಸರಿನಲ್ಲಿ "ಆಗಲಿ, ಬಾ" ಎಂದು ಸುಳ್ಳಾಡಿದ್ದರೆ ಅದಕ್ಕೆ ಬೆಲೆ ತೆರಬೇಕಾಗಿದ್ದವನು ಇನ್ನೊಬ್ಬ ತಾಯಿಯ ಮಗ. ರಾಜ ಸತ್ಯವನ್ನೇ ಹೇಳಿದ. ಎಲ್ಲರೂ ಎಲ್ಲ ಕೆಲಸಕ್ಕೆ ಆಗುವುದಿಲ್ಲ ಎನ್ನುವುದು ನಿಷ್ಠುರವಾದರೂ ಅನ್ಯಾಯವಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಚಲನಚಿತ್ರದಲ್ಲಿ ರಾಜ ಇನ್ನೂ ಒಂದು ಮಾತು ಸೇರಿಸುತ್ತಾನೆ: ಸತ್ತವರನ್ನು ತೆರವು ಮಾಡು, ಗಾಯಗೊಂಡವರಿಗೆ ಆರೈಕೆ ಮಾಡು, ನೀರು ತಂದುಕೊಡು ಎನ್ನುತ್ತಾನೆ. ಒಳ್ಳೆಯ ಮಾತೇ. ಆದರೂ ಎಫಿಯಾಲ್ಟಿಸನಿಗೆ ಅದು ಅವಮಾನವಾಗಿ ಕೇಳಿಸುತ್ತದೆ. ಏಕೆಂದರೆ ಸ್ಪಾರ್ಟಾದಲ್ಲಿ ಗುರಾಣಿ ಹಿಡಿದವನಿಗೆ ಮಾತ್ರ ಬೆಲೆ. ಊಳಿಗದ ಕೆಲಸಕ್ಕೆ ಹೆಲಟರೆಂಬ ಜೀತದ ಜನರಿದ್ದರು. ನೀರು ಕೊಡುವವನಿಗೂ ಗೌರವವಿರುವ ಊರಿನಲ್ಲಿ ಅದೇ ಮಾತು ಆಹ್ವಾನವಾಗುತ್ತಿತ್ತು. ಆದ್ದರಿಂದ ತಪ್ಪು ಆ ದಿನದ ಮಾತಿನಲ್ಲಿಲ್ಲ. ಅದಕ್ಕೂ ಬಹಳ ಮೊದಲೇ ಒಂದು ಊರು ಮನುಷ್ಯನನ್ನು ಒಂದೇ ತಕ್ಕಡಿಯಲ್ಲಿ ತೂಗಲು ನಿರ್ಧರಿಸಿತಲ್ಲ, ತಪ್ಪು ಅಲ್ಲಿದೆ.

ಹಾಗೆಂದು ದ್ರೋಹಕ್ಕೆ ಕ್ಷಮೆ ಸಿಕ್ಕಿಬಿಡುವುದೇ? ಇಲ್ಲ. ತಿರಸ್ಕಾರ ಅನುಭವಿಸಿದ ಎಷ್ಟೋ ಮಂದಿ ಯಾರಿಗೂ ಕೇಡು ಬಗೆಯದೆ ಬಾಳಿದ್ದಾರೆ. ನಮಗೆಲ್ಲ ತಿಳಿದಿರುವ ಯೂದನನ್ನು ಯಾರೂ ಹೊರಗೆ ಹಾಕಿರಲಿಲ್ಲ; ಅವನು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವನು. ಗಾಯ ಒಂದು ಕೃತ್ಯದ ಕಾರಣವನ್ನು ತಿಳಿಸಬಹುದು, ಆದರೆ ಆ ಕೃತ್ಯವನ್ನು ಒಳ್ಳೆಯದಾಗಿಸಲಾರದು.

ಇಲ್ಲಿ ಇನ್ನೊಂದು ವಿಷಯವನ್ನು ತಂದೆತಾಯಂದಿರು ಗಮನಿಸಬೇಕು. ಈ ಯುದ್ಧದ ವಿವರವನ್ನು ನಮಗೆ ಉಳಿಸಿಕೊಟ್ಟ ಇತಿಹಾಸಕಾರ ಹೆರೊಡೋಟಸ್. ಅವನ ಪ್ರಕಾರ ಎಫಿಯಾಲ್ಟಿಸ್ ಸ್ಪಾರ್ಟಾದವನೇ ಅಲ್ಲ, ಅದೇ ಸೀಮೆಯ ಮಾಲಿಸ್ ಪ್ರದೇಶದವನು. ದೊಡ್ಡ ಬಹುಮಾನದ ಆಸೆಯಿಂದ ದಾರಿ ತೋರಿಸಿದ. ಗೂನುಬೆನ್ನಿನ ಮಾತೇ ಅಲ್ಲಿಲ್ಲ. ಅದು ಚಿತ್ರಕಾರನ ಕಲ್ಪನೆ. ವೀರರೆಲ್ಲ ಸುಂದರರು, ದ್ರೋಹಿಯ ಮೈ ಡೊಂಕು ಎಂದು ಪುಟಪುಟದಲ್ಲೂ ನೋಡಿದ ಮಗುವಿನ ಕಣ್ಣು, ಮೈ ಡೊಂಕಿದ್ದವನ ಮನಸ್ಸೂ ಡೊಂಕು ಎಂದು ಕಲಿಯುವುದಿಲ್ಲವೇ? ನಾಳೆ ಶಾಲೆಯಲ್ಲಿ ಕಾಲೆಳೆದು ನಡೆಯುವ ಗೆಳೆಯನನ್ನು ಅದು ಹೇಗೆ ನೋಡೀತು?

ನಿಜವಾದ ಚರಿತ್ರೆಯಲ್ಲಿ ಬೇರೆಯೇ ಚಿತ್ರಗಳಿವೆ. ಅದೇ 300 ಮಂದಿಯಲ್ಲಿ ಯೂರಿಟಸ್ ಮತ್ತು ಅರಿಸ್ಟೊಡೆಮಸ್ ಎಂಬಿಬ್ಬರಿಗೆ ಕಣ್ಣಿನ ಬೇನೆ ಬಂದು, ರಾಜನೇ ಅವರನ್ನು ಹಿಂದೆ ಕಳುಹಿಸಿದ್ದ. ಸುತ್ತುವರಿದ ಸುದ್ದಿ ಕೇಳಿ ಯೂರಿಟಸ್ ತನ್ನ ಹೆಲಟನ ಕೈಹಿಡಿದು ರಣರಂಗಕ್ಕೆ ನಡೆದ. ಕರೆತಂದವನು ಓಡಿಹೋದ, ಕಣ್ಣು ಕಾಣದವನು ಕಾದಾಡಿ ಸತ್ತ. ಅರಿಸ್ಟೊಡೆಮಸ್ ಜೀವಂತ ಊರಿಗೆ ಮರಳಿದ. ಅವನೊಡನೆ ಯಾರೂ ಮಾತಾಡಲಿಲ್ಲ, ಅವನ ಒಲೆಗೆ ಯಾರೂ ಬೆಂಕಿ ಕೊಡಲಿಲ್ಲ. ಮರುವರ್ಷ ಪ್ಲಟೀಯದ ಯುದ್ಧದಲ್ಲಿ ಎಲ್ಲರಿಗಿಂತ ಶೌರ್ಯದಿಂದ ಹೋರಾಡಿ ಮಡಿದರೂ, ಸಾಯಲೆಂದೇ ಹೋದವನು ಎಂದು ಸ್ಪಾರ್ಟಾ ಅವನಿಗೆ ಗೌರವ ಕೊಡಲಿಲ್ಲ.

ದುರ್ಬಲ ಶಿಶುಗಳನ್ನು ಸ್ಪಾರ್ಟಾದವರು ಬೆಟ್ಟದ ಕಮರಿಗೆ ಎಸೆಯುತ್ತಿದ್ದರು ಎಂದು ಬರೆದ ಪ್ಲುಟಾರ್ಕ್, ಈ ಯುದ್ಧವಾಗಿ 500ಕ್ಕೂ ಹೆಚ್ಚು ವರ್ಷಗಳ ನಂತರದವನು. ಅವನ ಮಾತನ್ನು ಇಂದಿನ ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲ. ಒಂದು ಕಾಲು ಕುಂಟಾಗಿದ್ದ ಅಗೆಸಿಲಾಸ್ ಸುಮಾರು 40 ವರ್ಷ ಸ್ಪಾರ್ಟಾದ ರಾಜನಾಗಿದ್ದ ಎಂದು ತಿಳಿಸುವವನೂ ಅದೇ ಪ್ಲುಟಾರ್ಕ್!

ವಾಚಕರೇ, ನಮ್ಮ ಮನೆಗಳಲ್ಲಿರುವ ತಕ್ಕಡಿ ಯಾವುದು? ಅತಿಥಿಗಳು ಬಂದಾಗ ಒಳಕೋಣೆಗೆ ಕಳುಹಿಸಲ್ಪಡುವ ಮಗು ಇದೆಯೇ? ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮಗನೊಡನೆ ಊಟದ ಹೊತ್ತಿನಲ್ಲಿ ಮಾತು ನಿಂತಿದೆಯೇ? ನಿನ್ನಿಂದ ಇದು ಆಗದು ಎಂದು ಹೇಳಬೇಕಾದ ದಿನ ಪ್ರತಿಯೊಬ್ಬ ತಂದೆಗೂ ತಾಯಿಗೂ ಬರುತ್ತದೆ. ನಿನಗೆ ಇಲ್ಲಿ ಜಾಗವಿದೆ ಎಂಬುದು ಆ ದಿನಕ್ಕೂ ಮೊದಲೇ ಮಗುವಿಗೆ ತಿಳಿದಿದ್ದರೆ, ಆ ನಿಷ್ಠುರದ ಮಾತನ್ನು ಅದು ತಾಳಿಕೊಳ್ಳುತ್ತದೆ.

ಆ ಪುಸ್ತಕ ನಿಮ್ಮ ಮನೆಗೆ ಬಂದಿದ್ದರೆ ಕಸಿದುಕೊಳ್ಳುವ ಅವಸರ ಬೇಡ. ರಕ್ತಪಾತದ ಚಿತ್ರಗಳು ಅದರಲ್ಲಿ ಬೇಕಾದಷ್ಟಿವೆ, ಎಳೆಯರಿಗೆ ಅದು ತಕ್ಕದ್ದಲ್ಲ. ಆದರೆ ಬೆಳೆದ ಮಗನೋ ಮಗಳೋ ಓದಿ ಮುಗಿಸಿದ್ದರೆ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿ: "ಗುರಾಣಿ ಎತ್ತಲಾಗದವನಿಗೆ ಆ ರಾಜ ಬೇರೇನು ಹೇಳಬಹುದಿತ್ತು?" ಉತ್ತರವನ್ನು ತಿದ್ದಲು ಹೋಗದೆ ಕೊನೆಯವರೆಗೂ ಕೇಳಿರಿ.