ಕಾಯಕದಲ್ಲಿ ಉಪಕರಣದ ಸ್ಥಾನ

ಉಪಕರಣವು ಬದಲಾದಾಗ ಕಾಯಕವೂ ಬದಲಾಗುವುದೇ? ಬಹುಕಾಲದ ಅಭ್ಯಾಸದಿಂದ ಒಂದು ಕೆಲಸದಲ್ಲಿ ನುರಿತವನು ಹೊಸ ಉಪಕರಣದ ಮುಂದೆ ಮತ್ತೆ ಓನಾಮ ಕಲಿಯುವ ಬಾಲಕನಂತೆ ಕುಳಿತುಕೊಳ್ಳಬೇಕಾಗಿ ಬಂದರೆ, ಅವನ ಹಿಂದಿನ ಸಾಧನೆಯೆಲ್ಲ ವ್ಯರ್ಥವಾಯಿತೆಂದು ತಿಳಿಯಬೇಕೇ? ಈ ಪ್ರಶ್ನೆಯು ಇಂದು ಅನೇಕ ಸದ್ಗೃಹಸ್ಥರನ್ನು ಬಾಧಿಸುತ್ತಿದೆ. ಗ್ರಂಥಾಲಯದ ಕೆಲಸಗಾರನ ನಿದರ್ಶನದಿಂದ ಇದನ್ನು ವಿಚಾರಿಸಬಹುದು.

ಹಿಂದೆ ಪ್ರತಿಯೊಂದು ಪುಸ್ತಕಕ್ಕೂ ಕಾರ್ಡುಗಳನ್ನು ಬರೆದು, ಅಕಾರಾದಿಯಾಗಿ ಮರದ ಡ್ರಾಯರುಗಳಲ್ಲಿ ಜೋಡಿಸುತ್ತಿದ್ದರು. ಆ ಕ್ರಮವು ಕಾಲವಶವಾಯಿತು. ಗ್ರಂಥಾಲಯಗಳಿಗೆ ಕಾರ್ಡುಗಳನ್ನು ಮುದ್ರಿಸಿ ಕಳುಹಿಸುತ್ತಿದ್ದ ಅಮೆರಿಕದ ಓಸಿಎಲ್‌ಸಿ ಸಂಸ್ಥೆಯು 2015ರಲ್ಲಿ ಆ ಕಾರ್ಯವನ್ನು ನಿಲ್ಲಿಸಿತು. ಈಗ ಗ್ರಂಥಸೂಚಿಯು ಅಂತರ್ಜಾಲದಲ್ಲಿದೆ. ಅದಕ್ಕಾಗಿ ಬಳಸುವ ತಂತ್ರಾಂಶಗಳಲ್ಲಿ ‘ಕೊಹಾ’ ಎಂಬುದೊಂದು. ನ್ಯೂಜಿಲೆಂಡಿನ ಒಂದು ಗ್ರಂಥಾಲಯದಲ್ಲಿ 2000ದಲ್ಲಿ ಬಳಕೆಗೆ ಬಂದ ಇದು, ಇಂದು ಭಾರತದ ಅನೇಕ ಗ್ರಂಥಾಲಯಗಳಲ್ಲಿಯೂ ಇದೆ. ಮಾವೊರಿ ಭಾಷೆಯಲ್ಲಿ ಈ ಹೆಸರಿಗೆ ಕಾಣಿಕೆ ಎಂದರ್ಥ. ಅದನ್ನು ಯಾರಾದರೂ ಬೆಲೆ ತೆರದೆ ಬಳಸಬಹುದು, ತಿದ್ದಬಹುದು. ದಾಸೋಹಭಾವವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಇಲ್ಲಿ ಎರಡು ವಾದಗಳು ಹುಟ್ಟುತ್ತವೆ. ಯಂತ್ರವೇ ಹುಡುಕಿಕೊಡುವಾಗ ಹಳಬನ ತಿಳುವಳಿಕೆಯೇತಕ್ಕೆ ಎಂಬುದು ಹೊಸಬರ ವಾದ. ಇಷ್ಟು ವರ್ಷ ಇಲ್ಲದ ಯಂತ್ರವು ಈಗೇತಕ್ಕೆ ಎಂಬುದು ಹಳಬನ ವಾದ. ವ್ಯಾಕರಣಶಾಸ್ತ್ರವು ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದೂ, ಕ್ರಿಯಾಸಿದ್ಧಿಗೆ ಮುಖ್ಯಸಾಧನವಾದುದನ್ನು ಕರಣವೆಂದೂ ವಿಂಗಡಿಸುತ್ತದೆ. ಹೊಸಬರು ಕರಣವನ್ನೇ ಕರ್ತೃವೆಂದು ಭ್ರಮಿಸುತ್ತಾರೆ. ಹಳಬನು ತನಗೆ ರೂಢಿಯಾದ ಕರಣವನ್ನೇ ತಾನೆಂದು ಭ್ರಮಿಸುತ್ತಾನೆ. ಎರಡೂ ಒಂದೇ ಅವಿವೇಕದ ಎರಡು ಮುಖಗಳು.

ಓದುಗನೊಬ್ಬನು ಚೆನ್ನಬಸವಣ್ಣನವರ ವಚನಗಳನ್ನು ಅರಸುತ್ತಾನೆನ್ನಿ. ಒಂದು ಗ್ರಂಥದಲ್ಲಿ ‘ಚನ್ನಬಸವಣ್ಣ’ ಎಂದೂ, ಮತ್ತೊಂದರಲ್ಲಿ ‘ಚೆನ್ನಬಸವಣ್ಣ’ ಎಂದೂ ಮುದ್ರಿತವಾಗಿದೆ. ಕಣ್ಣಿಗೆ ಇದು ಅಲ್ಪಭೇದ. ಆದರೆ ಗಣಕವು ಅಕ್ಷರಗಳನ್ನು ಯೂನಿಕೋಡ್ ಎಂಬ ಕ್ರಮದಲ್ಲಿ ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಅಲ್ಲಿ ಎತ್ವದ ಚಿಹ್ನೆಗೆ ಪ್ರತ್ಯೇಕ ಸಂಖ್ಯೆಯಿದೆ. ಆದುದರಿಂದ, ಬಲ್ಲವರು ತಿಳಿಸಿಕೊಡದ ಹೊರತು, ಅದರ ಪಾಲಿಗೆ ಇವು ಬೇರೆ ಬೇರೆ ಹೆಸರುಗಳು. ಅಕ್ಕಮಹಾದೇವಿ, ಮಹಾದೇವಿಯಕ್ಕ ಎಂಬಲ್ಲಿಯೂ ಹೀಗೆಯೇ. ಒಂದು ರೂಪದಲ್ಲಿ ಹುಡುಕಿದವನು, ಇನ್ನೊಂದು ರೂಪದ ಗ್ರಂಥವು ಪಕ್ಕದ ಕಪಾಟಿನಲ್ಲಿಯೇ ಇದ್ದರೂ, ಬರಿಗೈಯಲ್ಲಿ ಹಿಂದಿರುಗಬಹುದು.

ಹಳೆಯ ಕಾಲದ ಕೆಲಸಗಾರನು ಇದನ್ನು ಬಲ್ಲನು. ‘ಮಹಾದೇವಿಯಕ್ಕ: ಅಕ್ಕಮಹಾದೇವಿ ನೋಡಿ’ ಎಂಬ ಬಗೆಯ ಕಾರ್ಡನ್ನು ಬರೆದಿಡುತ್ತಿದ್ದವನು ಅವನೇ. ಕೊಹಾದಲ್ಲಿಯೂ ಒಂದು ಹೆಸರನ್ನು ನಿಯತಗೊಳಿಸಿ, ಉಳಿದ ರೂಪಗಳನ್ನು ಅದಕ್ಕೆ ಜೋಡಿಸುವ ದಾಖಲೆಗೆ ಅವಕಾಶವಿದೆ. ಅಂದಮೇಲೆ ಕಾಯಕವು ಹೋಗಲಿಲ್ಲ. ಅದು ಕುಳಿತ ಪೀಠವು ಬದಲಾಯಿತು, ಅಷ್ಟೆ. ಯಾವ ಹೆಸರು ಯಾವುದರೊಡನೆ ಸೇರಬೇಕೆಂಬ ವಿವೇಕವು ಹಿರಿಯನಲ್ಲಿದೆ. ದಾಖಲಿಸುವ ಕ್ರಮವು ಕಿರಿಯನಿಗೆ ಗೊತ್ತಿದೆ. ಹಿರಿಯನು ಕಲಿಯದೆ ನಿವೃತ್ತನಾದರೆ ಆ ವಿವೇಕವೂ ಅವನೊಡನೆ ಹೊರಟುಹೋಗುವುದು. ನಷ್ಟವು ಅವನಿಗಲ್ಲ, ಮುಂದೆ ಬರುವ ಓದುಗನಿಗೆ.

ಆದರೂ ಕಲಿಯಲು ತೊಡಗಿದವನನ್ನು ತಡೆಯುವುದು ಬುದ್ಧಿಮಾಂದ್ಯವಲ್ಲ, ಲಜ್ಜೆ. ಮಗನ ವಯಸ್ಸಿನವನ ಮುಂದೆ ತಪ್ಪು ಮಾಡಬೇಕಲ್ಲ ಎಂಬ ಅಳುಕು ಅವನ ಕೈಯನ್ನು ಹಿಡಿಯುತ್ತದೆ. ಶರಣರ ಗೋಷ್ಠಿಯಲ್ಲಿ ಇಂತಹ ಅಳುಕಿಗೆ ಎಡೆಯಿರಲಿಲ್ಲ. ಸೋದರಮಾವನಾದ ಬಸವಣ್ಣನವರಿಗಿಂತ ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರು ಷಟ್‌ಸ್ಥಲಜ್ಞಾನದಲ್ಲಿ ಹಿರಿಯರೆಂದು ಮನ್ನಣೆ ಪಡೆದರು. ಅಲ್ಲಿ ಅರಿವಿಗೆ ಹಿರಿತನವಿತ್ತೇ ಹೊರತು ಪ್ರಾಯಕ್ಕಲ್ಲ. ಹಾಗೆಯೇ ಕಲಿಸುವ ಕಿರಿಯನೂ ತನ್ನ ಚುರುಕುತನವನ್ನೇ ಜ್ಞಾನವೆಂದು ಬಗೆಯಲಾಗದು. ಅವನೂ ಹಿರಿಯನಿಂದ ಪಡೆಯತಕ್ಕದ್ದು ಬಹಳವಿದೆ.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಓದುಗನ ಕಾಲವನ್ನು ಉಳಿಸಬೇಕೆಂಬುದೂ ಒಂದು. ಗ್ರಂಥಾಲಯವು ಬೆಳೆಯುವ ಜೀವಿಯೆಂಬುದು ಕಡೆಯದು. ಬೆಳೆಯುವುದರ ಸೇವೆಗೆ ನಿಂತವನು ತಾನು ಮಾತ್ರ ಬೆಳೆಯೆನೆಂದರೆ ಆ ಸೇವೆ ಪೂರ್ಣವಾಗದು.

ಆದುದರಿಂದ ಭಕ್ತರಾದವರು ತಮ್ಮ ತಮ್ಮ ಕಾಯಕದಲ್ಲಿ ಇದನ್ನು ವಿಚಾರಿಸಿಕೊಳ್ಳಬೇಕು. ಅರಿವನ್ನು ತನ್ನಲ್ಲಿಯೇ ಇರಿಸಿಕೊಂಡರೆ ಅದು ಸಂಗ್ರಹ. ಇನ್ನೊಬ್ಬನಿಗೆ ದೊರೆಯುವಂತೆ ಮಾಡಿದರೆ ದಾಸೋಹ. ಹೊಸ ಉಪಕರಣವನ್ನು ಕಲಿಯುವ ಶ್ರಮವು ಆ ದಾಸೋಹದ ಅಂಗವೇ ಆಗಿದೆ. ಮನೆಯಲ್ಲಿಯಾಗಲಿ ಕಚೇರಿಯಲ್ಲಿಯಾಗಲಿ ಹಿರಿಯರು ಕಲಿಯಲು ಕುಳಿತಾಗ ಕಿರಿಯರು ನಗದೆ, ಬೇಸರಿಸದೆ, ಹತ್ತು ಸಲವಾದರೂ ಹೇಳಿಕೊಡಲಿ. ಹಿರಿಯರು ಸಂಕೋಚವಿಲ್ಲದೆ ಹನ್ನೊಂದನೆಯ ಸಲ ಕೇಳಲಿ.