ಈಗ ನೀವು ಮಾಡುತ್ತಿರುವುದೇನು?



ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಬಡವರ ಮನೆಗಳಿಗೆ ಹೋಗಿಬರುವುದನ್ನು ನೀವು ಕಂಡಿದ್ದೀರಿ. ಆ ಸಭೆ ಹುಟ್ಟಿದ್ದು ಒಂದು ಚುಚ್ಚುಮಾತಿನಿಂದ. 1833ರ ಪ್ಯಾರಿಸ್ ನಗರ. ಹಿಂದಿನ ವರ್ಷವಷ್ಟೇ ಅಲ್ಲಿ ಕಾಲರಾ ಸಾವಿರಾರು ಜನರನ್ನು ಕೊಂದಿತ್ತು. ಧರ್ಮಸಭೆಯ ಹಿರಿಮೆಯನ್ನು ಸಮರ್ಥಿಸುತ್ತಿದ್ದ ಫ್ರೆಡರಿಕ್ ಓಝನಾಮ್ ಎಂಬ ವಿದ್ಯಾರ್ಥಿಯನ್ನು ಎದುರಾಳಿಗಳು ಕೇಳಿದರು: ಅದೆಲ್ಲ ಹಳೆಯ ಕಥೆ, ಈಗ ನೀವು ಮಾಡುತ್ತಿರುವುದೇನು? ಇಪ್ಪತ್ತರ ಆ ಯುವಕರು ಗೆಳೆಯನೊಡನೆ ತಮ್ಮಲ್ಲಿ ಉಳಿದಿದ್ದ ಸೌದೆಯನ್ನು ಹೊತ್ತು ಒಂದು ಬಡ ಕುಟುಂಬಕ್ಕೆ ಕೊಟ್ಟುಬಂದರು. ಬಡವರ ಮನೆಗೆ ಹೋಗುವ ಬಗೆಯನ್ನು ಮುಂದೆ ಸಿಸ್ಟರ್ ರೊಸಾಲಿ ರಾಂದು ಈ ಯುವಕರಿಗೆ ಕಲಿಸಿದರು. (ಅದೂ ಕಲಿಯಬೇಕಾದ ವಿದ್ಯೆಯೇ.) 1997ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಓಝನಾಮರನ್ನು ಪುನೀತರೆಂದು ಘೋಷಿಸಿದರು.

ಆ ಪ್ರಶ್ನೆ ನನ್ನನ್ನೂ ಚುಚ್ಚುತ್ತದೆ. ಸದುದ್ದೇಶದ ಬಗ್ಗೆ ಗುರುಮಠದಲ್ಲಿ ಪುಟಗಟ್ಟಲೆ ಓದಿದವನು ನಾನು. ಆದರೂ ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಗೆ ಪರಮಪ್ರಸಾದ ಕೊಂಡೊಯ್ಯಬೇಕೆಂದು ಮೂರು ಭಾನುವಾರ ಬರೀ ಅಂದುಕೊಂಡೆ. ಒಮ್ಮೆ ಸಭೆ, ಒಮ್ಮೆ ಮದುವೆ, ಒಮ್ಮೆ ಮಳೆ. 'ಫಾದರ್ ಬರ್ತಾರೆ' ಎಂದು ಅಜ್ಜಿ ಮಂಚದ ಪಕ್ಕದಲ್ಲಿ ಮೇಣದಬತ್ತಿ ಇಡಿಸಿಕೊಂಡಿದ್ದರಂತೆ. ನಾನು ಹೋದದ್ದು ಶವಸಂಸ್ಕಾರಕ್ಕೆ. ಮೇಣದಬತ್ತಿ ಹೊತ್ತಿಸದೆ ಹಾಗೆಯೇ ಇತ್ತು.

ಅಂದಿನಿಂದ ಭಾನುವಾರದ ಬಲಿಪೂಜೆ ಮುಗಿದೊಡನೆ, ತಿಂಡಿಗೂ ಮುನ್ನ, ರೋಗಿಯಿರುವ ಒಂದು ಮನೆಗೆ ಹೋಗುತ್ತೇನೆ. ಒಂದೇ ಮನೆ, ಹೆಚ್ಚು ಆಗುವುದಿಲ್ಲ. ಇದನ್ನು ಓದುವಾಗ ನಿಮಗೂ ಯಾರದೋ ಮುಖ ನೆನಪಾಗಿರಬಹುದು. ಪತ್ರಿಕೆಯನ್ನು ಮಡಿಚಿಡಿ. ಸಂಜೆಯ ಜಪಸರಕ್ಕೆ ಕೂರುವ ಮುನ್ನ ಅವರ ಬಾಗಿಲು ತಟ್ಟಿ ಬನ್ನಿ.