ಗೋರಿಯೊಳಗಣ ಮನೆ

ಸತ್ತವನ ಸ್ಥಳದ ಮೇಲೆ ಬದುಕಿರುವವನಿಗೆ ಎಷ್ಟು ಅಧಿಕಾರವುಂಟೆಂಬುದು ಹಳೆಯ ಪ್ರಶ್ನೆ. ದೆಹಲಿಯ ಮೆಹರೌಲಿಯಲ್ಲಿರುವ ಪುರಾತತ್ತ್ವ ಉದ್ಯಾನವು ಅದನ್ನು ವಿಚಿತ್ರವಾದ ರೂಪದಲ್ಲಿ ನಮ್ಮ ಮುಂದಿಡುತ್ತದೆ. ಕುತುಬ್ ಮಿನಾರಿನ ಮಗ್ಗುಲಿಗೆ ಹಬ್ಬಿರುವ ಈ ಉದ್ಯಾನದಲ್ಲಿ, 1287ರಲ್ಲಿ ತೀರಿಕೊಂಡ ಸುಲ್ತಾನ ಬಲ್ಬನನ ಗೋರಿಯಿಂದ ಮೊದಲುಗೊಂಡು ನಾನಾ ಕಾಲದ ಅವಶೇಷಗಳು ಗಿಡಮರಗಳ ಮರೆಯಲ್ಲಿ ಅಡಗಿವೆ. ಅವುಗಳ ನಡುವೆ ಒಬ್ಬ ಆಂಗ್ಲ ಅಧಿಕಾರಿಯ ವಿಹಾರಸ್ಥಾನವೂ ಹುದುಗಿದೆ. ಒಂದು ಕೊಳ, ದೋಣಿಗಳನ್ನಿಡುವ ಮನೆ, ಪಾರಿವಾಳಗಳ ಗೂಡು, ಬರಿಯ ನೋಟದ ಅಂದಕ್ಕೆಂದು ದಿಬ್ಬದ ಮೇಲೆ ನಿಲ್ಲಿಸಿದ ಛತ್ರಿ. ಇವೆಲ್ಲಕ್ಕೂ ಪ್ರಧಾನವಾಗಿ ಎಂಟು ಮೂಲೆಯ ಒಂದು ಕಟ್ಟಡ.

ಈ ಕಟ್ಟಡವು ಮೂಲತಃ ಮುಹಮ್ಮದ್ ಕುಲಿ ಖಾನನ ಗೋರಿ. ಅಕ್ಬರನನ್ನು ಸಾಕಿದ ಮಾಹಮ್ ಅನಗಾಳ ಮಗನಾತನು. 1835ರಿಂದ 1853ರವರೆಗೆ ಮೊಗಲ ದರ್ಬಾರಿನಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ಸರ್ ಥಾಮಸ್ ಮೆಟ್‌ಕಾಫನು 1840ರ ದಶಕದಲ್ಲಿ ಇದನ್ನು ತೆಗೆದುಕೊಂಡು, ಪಕ್ಕಗಳಲ್ಲಿ ಕೋಣೆಗಳನ್ನು ಕೂಡಿಸಿ, ಗೋರಿಯ ಗರ್ಭವನ್ನು ಊಟದ ಶಾಲೆಯನ್ನಾಗಿ ಮಾಡಿಕೊಂಡನು. ಮನೆಗೆ ಇಟ್ಟ ಹೆಸರು ದಿಲ್‌ಕುಶಾ. ಮನಸ್ಸಿಗೆ ಹರ್ಷವನ್ನೀಯುವುದೆಂದು ಅರ್ಥ. ಯಾರ ಮನಸ್ಸಿಗೆಂಬುದನ್ನು ಹೆಸರು ತಿಳಿಸುವುದಿಲ್ಲ.

ಇವನನ್ನು ಅರಸಿಕನೆಂದು ತಳ್ಳಿಹಾಕುವಂತಿದ್ದರೆ ವಿಚಾರವು ಸುಲಭವಾಗುತ್ತಿತ್ತು. ಆದರೆ ದೆಹಲಿಯ ಪ್ರಾಚೀನ ಕಟ್ಟಡಗಳನ್ನು ಮಝಹರ್ ಅಲಿ ಖಾನನೇ ಮೊದಲಾದ ಚಿತ್ರಕಾರರಿಂದ ಬರೆಯಿಸಿ, ತಾನೇ ವಿವರಣೆಯನ್ನು ಬರೆದು, 1844ರಲ್ಲಿ ತನ್ನ ಮಗಳಿಗಾಗಿ ಒಂದು ಪುಸ್ತಕವನ್ನು ಸಿದ್ಧಪಡಿಸಿದವನೂ ಇವನೇ. ಅನೇಕ ಕಟ್ಟಡಗಳು 1857ಕ್ಕೆ ಮುಂಚೆ ಹೇಗಿದ್ದುವೆಂಬುದನ್ನು ಇಂದು ಆ ಚಿತ್ರಗಳಿಂದ ಅರಿಯುತ್ತೇವೆ. ಕಲ್ಲಿನ ಅಂದವನ್ನು ಅಷ್ಟು ಬಲ್ಲವನಿಗೆ ಕಲ್ಲಿನ ಕೆಳಗಿದ್ದವನ ನೆನಪು ಅಡ್ಡಬರಲಿಲ್ಲ. ಸೌಂದರ್ಯಪ್ರೀತಿಯು ತಾನಾಗಿಯೇ ಗೌರವಬುದ್ಧಿಯಾಗುವುದೆಂದು ನಂಬುವವರು ಇದನ್ನು ಆಲೋಚಿಸಬೇಕು.

ಮೊಗಲ ಸರದಾರರು ತಮ್ಮ ಸಮಾಧಿಯ ತೋಟಗಳಲ್ಲಿ ಬದುಕಿದ್ದಾಗಲೇ ಉತ್ಸವಗಳನ್ನು ನಡೆಸುತ್ತಿದ್ದರಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ನಡೆಸುತ್ತಿದ್ದರು, ನಿಜ. ಆದರೆ ತನ್ನ ಸಾವನ್ನು ಎದುರಿಗಿಟ್ಟುಕೊಂಡು ಉಣ್ಣುವುದು ಬೇರೆ, ಪರರ ಸಾವನ್ನು ಬದಿಗೆ ಸರಿಸಿ ಉಣ್ಣುವುದು ಬೇರೆ. ಮೊದಲನೆಯದರಲ್ಲಿ ವೈರಾಗ್ಯದ ಲೇಶವಾದರೂ ಉಂಟು.

ಇನ್ನು ನಮ್ಮ ಕರ್ತವ್ಯವೇನು? ಕುಲಿ ಖಾನನ ಸೋದರನಾದ ಆಧಮ್ ಖಾನನ ಗೋರಿಯೂ ಅದೇ ಮೆಹರೌಲಿಯಲ್ಲಿ ಆಂಗ್ಲ ಅಧಿಕಾರಿಯೊಬ್ಬನ ಮನೆಯಾಗಿ, ತರುವಾಯ ಪೊಲೀಸು ಠಾಣೆಯೂ ಅಂಚೆಯ ಮನೆಯೂ ಆಗಿದ್ದಿತು. ಲಾರ್ಡ್ ಕರ್ಜನನು ಅದನ್ನು ತೆರವು ಮಾಡಿಸಿದನು. ಅಲ್ಲಿ ಅದು ನ್ಯಾಯವೇ. ಇಲ್ಲಿಯೂ ಮೆಟ್‌ಕಾಫನು ಕಟ್ಟಿದ್ದನ್ನೆಲ್ಲ ಕಿತ್ತು ಕುಲಿ ಖಾನನಿಗೆ ಅವನ ಗೋರಿಯನ್ನು ಒಪ್ಪಿಸಬೇಕೆನ್ನುವವರ ಮಾತಿನಲ್ಲಿ ತೂಕವಿದೆ. ನನಗಂತೂ ಅದು ಸಮ್ಮತವಲ್ಲ. ಮೆಟ್‌ಕಾಫನೂ ಈಗ ಸತ್ತವನು. ಅವನ ಕೋಣೆಗಳ ತಳಪಾಯವನ್ನು ಅಗೆದು ತೆಗೆದರೆ ಕುಲಿ ಖಾನನಿಗಾದ ಅನ್ಯಾಯದ ಸಾಕ್ಷ್ಯವೂ ಅದರೊಡನೆ ಹೋಗುತ್ತದೆ. ನೋಡುವವನಿಗೆ ಯಾವಾಗಲೂ ಹೀಗೆಯೇ ಇತ್ತೆಂಬ ಭ್ರಾಂತಿಯಾಗುತ್ತದೆ. ಗುಮ್ಮಟದ ಕೆಳಗೆ ಗೋರಿಗಲ್ಲಿಲ್ಲದ ಬರಿಯ ನೆಲವನ್ನು ಬರಿದಾಗಿಯೇ ಇಟ್ಟು, ಊಟದ ಶಾಲೆ ಇದ್ದುದು ಇಲ್ಲಿಯೇ ಎಂದು ತಿಳಿಸುವ ಒಂದು ಫಲಕವನ್ನು ಅದರ ಬಳಿ ನಿಲ್ಲಿಸಿದರೆ ಸಾಕು.